ಮಗ್ಗುಲು

ಬುಧವಾರ ಯಾವ ಮಗ್ಗುಲಲ್ಲಿ ಎದ್ದಿತ್ತೋ ಈ ಯಂತ್ರ,
ಮಿಸೆಸ್ ಕಾರ್ಲ್ಯನ್ ಹಿತ್ತಲ ಮೋರಿ ಅರ್ಧಕ್ಕೆ ಬಂದಾಗ
ಬಲಗಾಲಿನ ಸರಪಳಿ ಕಳಚಿಕೊಂಡು
ಕೆಸರಲ್ಲಿ ಕೂತುಬಿಟ್ಟಿತು.
ತೊಂಬತ್ತೊಂದರಲ್ಲಿ ಹುಟ್ಟಿದ್ದು, ಹದಿಮೂರು ಟನ್,
ಹಳದಿ ಮಾಸಿ ಈಗ ನಿನ್ನೆಯ ಸಾರಿನ ಬಣ್ಣ.

ಊರಿನ ಹೆಸರು ಬ್ಯೂಗಲ್. ಕಹಳೆ ಎಂದರ್ಥ.
ಇಲ್ಲಿ ಊದುವುದು ಗಾಳಿಯೊಂದೇ.
ಕಾರ್ನ್‌ವಾಲಿನ ಬಿಳಿ ಜೇಡಿಗುಡ್ಡಗಳಿಂದ ಮಳೆ ಇಳಿದರೆ
ಚರಂಡಿಯಲ್ಲೂ ಹಾಲು.

ಡೆಂಜಿಲ್ ಟ್ರೆಂಬಾತ್ ಬಂದ.
ನಲವತ್ತು ವರ್ಷ ಗಣಿಯ ಯಂತ್ರಗಳ ಕಾಲು ಹಿಡಿದವನು,
ಬೇರೆ ಯಾರ ಕಾಲೂ ಹಿಡಿಯದವನು.
ಮಂಡಿಯೂರಿ, ಹಲ್ಲುಗಾಲಿಯ ಮೇಲೆ ಹೆಬ್ಬೆರಳೆಳೆದು
‘ನೋಡು, ಚೂಪಾಗಿವೆ’ ಅಂದ.
ಸವೆದ ಹಲ್ಲು ಮೊಂಡಾಗಬೇಕಲ್ಲ, ಅಂದೆ.
‘ಮೊಂಡಾಗುವುದು ನಮ್ಮವು.’

ಹೊಸ ಸರಪಳಿಯ ಬೆಲೆ ಫೋನಿನಲ್ಲಿ ಕೇಳಿದೆ.
ಆ ಹುಡುಗಿಯಿಂದ ಎರಡು ಸಲ ಹೇಳಿಸಿದೆ, ಕಡಿಮೆಯಾಗಲಿಲ್ಲ.
ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ;
ನನ್ನದು ಎರಡೂ ಇಲ್ಲದ ಬುಧವಾರ.
‘ಬಿಸಾಡಬೇಡ,’ ಅಂದ ಡೆಂಜಿಲ್,
‘ಮಗ್ಗುಲು ಬದಲಾಯಿಸೋಣ.’

ಬೂಮನ್ನು ಅಡ್ಡಕ್ಕೆ ತಿರುಗಿಸಿ ಬಕೆಟ್ಟನ್ನು ನೆಲಕ್ಕೊತ್ತಿದರೆ
ಯಂತ್ರ ತನ್ನನ್ನು ತಾನೇ ಎತ್ತಿಕೊಳ್ಳುತ್ತದೆ,
ಮೊಣಕೈ ಊರಿ ಏಳುವ ಬಾಣಂತಿಯ ಹಾಗೆ.
ಅಡಿಗೆ ರೈಲ್ವೆ ಸ್ಲೀಪರುಗಳ ಅಟ್ಟಣೆ.
ಬರೀ ಎಣ್ಣೆಯ ಒತ್ತಡ ನಂಬಿ ಕೆಳಗೆ ತೂರಿದವರ ಹೆಸರು
ಡೆಂಜಿಲ್‌ಗೆ ಗೊತ್ತು. ಹೇಳಲಿಲ್ಲ.

ಗ್ರೀಸಿನ ವಾಲ್ವ್ ಸಡಿಲಿಸುವಾಗ ಎದುರಿಗೆ ನಿಲ್ಲಬಾರದು.
ಒಂದೇ ಸುತ್ತು. ಪೂರ್ತಿ ಬಿಚ್ಚಲೇಬಾರದು.
ಅವನ ಶೆಡ್ಡಿನ ತಗಡಲ್ಲಿ ಬೆರಳು ತೂರುವಷ್ಟು ತೂತು
ಎಂಬತ್ತಮೂರರಿಂದ ಹಾಗೇ ಇದೆ;
ಮಳೆ ಬಂದರೆ ಕೆಳಗೊಂದು ಮಗ್ ಇಡುತ್ತಾನೆ,
ಮುಚ್ಚುವುದಿಲ್ಲ.

ಮಾಸ್ಟರ್ ಪಿನ್ನಿಗೆ ನಮ್ಮಲ್ಲಿ ಕಡಾಣಿ ಅನ್ನುತ್ತೇವೆ, ಅಂದೆ,
ಎತ್ತಿನ ಗಾಡಿಗೂ ಇತ್ತು, ಇಷ್ಟೇ ಇಷ್ಟು.
ಅವನಿಗೆ ಹಿಡಿಸಿತು. ಸುತ್ತಿಗೆಯ ಒಂದೊಂದು ಏಟಿಗೂ
ಕ! ಡಾ! ನಿ!
ಣಕಾರ ಬಾಯಿಗೆ ಬರಲಿಲ್ಲ.
ಹದಿನೇಳನೆಯ ಏಟಿಗೆ ಪಿನ್ನು ಬಂತು.

ಆಮೇಲೆ ಎರಡು ದಿನ ಅವನ ಶೆಡ್ಡು, ಅವನ ಪ್ರೆಸ್ಸು,
ಬೂಟು ಕಳಚಿದ ನಲವತ್ತನಾಲ್ಕು ಕೊಂಡಿ.
ಒತ್ತು, ಕೀಲು ಹೊರಗೆ; ಅರ್ಧ ಸುತ್ತು ತಿರುಗಿಸು; ಮತ್ತೆ ಒತ್ತು.
ಒಂದು ಕಡೆ ಬೊಗಸೆಯಷ್ಟು ತಗ್ಗಾಗಿ ಸವೆದ ಉಕ್ಕು.
ಇನ್ನೊಂದು ಕಡೆ
ಲೇತಿನ ಗೆರೆಗಳು, ಕಾರ್ಖಾನೆಯ ಅಂಕಿ, ಇವತ್ತೇ ಕೆತ್ತಿದ ಹಾಗೆ.
ಮೂವತ್ತು ವರ್ಷ ಯಾವ ಹಲ್ಲೂ ತಾಗದೆ
ಜಿಡ್ಡಿನಲ್ಲಿ ಮಲಗಿತ್ತು ಆ ಕಡೆ.

ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿಗೆ ಅಪ್ಪ ತೊಡುತ್ತಿದ್ದ
ಖಾಕಿ ಅಂಗಿಯ ಕಾಲರು ಹರಿದಾಗ
ದರ್ಜಿ ಮೆಹಬೂಬಸಾಬ ಹೊಲಿಗೆ ಬಿಚ್ಚಿ, ತಿರುವಿ,
ಒಳಮೈ ಮೇಲೆ ಮಾಡಿ ಹೊಲಿಯುತ್ತಿದ್ದ. ಎಂಟಾಣೆ.
ಅಪ್ಪ ಕನ್ನಡಿಯ ಮುಂದೆ ಕತ್ತು ತಿರುಗಿಸಿ
ಹೊಸ ಅಂಗಿ, ಅನ್ನುತ್ತಿದ್ದ. ನಾವು ನಂಬುತ್ತಿದ್ದೆವು.
ಡೆಂಜಿಲ್‌ಗೆ ಇದನ್ನು ಹೇಳಲು ಹೋದೆ;
ಪ್ರೆಸ್ಸಿನ ಸದ್ದಿಗೆ ಅವನಿಗೆ ಕೇಳಿದ್ದು ಎಂಟಾಣೆಯೊಂದೇ,
‘ಅದು ಯಾವ ಸೈಜು?’ ಅಂದ.

ಹಲ್ಲುಗಾಲಿ ಮಾತ್ರ ರೆಡ್ರತ್‌ನ ಗುಜರಿಯಿಂದ ತಂದದ್ದು.
ಸರಪಳಿ ಸುತ್ತಿ, ಕಡಾಣಿ ಹೊಡೆದು, ಗ್ರೀಸ್ ಗನ್ ಒತ್ತಿದೆ.
ಬಿಗಿ ಹೆಚ್ಚಾದರೆ ತನ್ನನ್ನೇ ತಿನ್ನುತ್ತದೆ,
ಸಡಿಲವಾದರೆ ಬಿಟ್ಟು ಹೋಗುತ್ತದೆ.
ಎಷ್ಟು ಜೋಲಬೇಕು?
ಅವನು ಬೆರಳಗಲಿಸಿ ಒಂದು ಗೇಣು ತೋರಿಸಿದ.
ಅವನ ಗೇಣೋ, ನನ್ನ ಗೇಣೋ,
ಅದನ್ನು ತೀರ್ಮಾನಿಸುವಷ್ಟರಲ್ಲಿ ಚಹಾ ಆರಿತು.

ಗೇಟಿನವರೆಗೆ ಓಡಿಸಿದೆ.
ಸ್ವಲ್ಪ ಎಡಕ್ಕೆ ಎಳೆಯುತ್ತಿತ್ತು;
ಹಿಂದೆ ಬಿಳಿ ಕೆಸರಲ್ಲಿ ಎರಡು ಸಾಲು ಹೆಜ್ಜೆ,
ಒಂದು ಬರೆದ ಹಾಗೆ, ಇನ್ನೊಂದು ಒರೆಸಿದ ಹಾಗೆ.
‘ಎಡಮಗ್ಗುಲು ಸೋಮವಾರ,’ ಅಂದ ಡೆಂಜಿಲ್,
ಕೈ ಒರೆಸಿದ, ಒರೆಸಿದ ಬಟ್ಟೆಯನ್ನು
ಮಡಿಸಿ ಜೇಬಿಗಿಟ್ಟ.

ಮಿಸೆಸ್ ಕಾರ್ಲ್ಯನ್ ಕಿಟಕಿ ತೆರೆದು ಕೂಗಿದಳು:
ಅದೆಲ್ಲ ಸರಿ,
ಮೋರಿ?